ಕಾರ್ಯಸ್ಥಾನದಲ್ಲಿ ನಾಯಕತ್ವ: ಅಹಮದಾಬಾದಿನ ಒಂದು ನೇಯ್ಗೆಶಾಲೆಯ ನಿದರ್ಶನ

ಉದ್ಯೋಗದಲ್ಲಿ ಮುಂದಾಳಾಗಲು ಬೇಕಾದ ಗುಣಗಳೆಂದು ಧೈರ್ಯ, ವಾಕ್ಪಟುತ್ವ, ನಿರ್ಧಾರಶಕ್ತಿ ಮೊದಲಾದವನ್ನು ಎಣಿಸುವುದು ವಾಡಿಕೆ. ಇವೆಲ್ಲ ವ್ಯಕ್ತಿಗೆ ಸೇರಿದವು. ಕೆಲಸ ಕೆಟ್ಟಾಗ ತಪ್ಪನ್ನೂ ವ್ಯಕ್ತಿಯಲ್ಲಿಯೇ ಹುಡುಕುವ ಅಭ್ಯಾಸ ಇದರಿಂದಲೇ ಹುಟ್ಟುತ್ತದೆ. ನಮ್ಮ ಪದವೀಧರರಲ್ಲಿ ಅನೇಕರು ಮೇಲ್ವಿಚಾರಕರಾಗಿ ಕಾರ್ಖಾನೆಗಳನ್ನು ಸೇರತಕ್ಕವರು. ಈ ಭಾವನೆ ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಅವರು ಮೊದಲೇ ವಿಚಾರಮಾಡುವುದು ಒಳ್ಳೆಯದು. ಅದಕ್ಕೆ ತಕ್ಕ ನಿದರ್ಶನವೊಂದು ನಮ್ಮ ದೇಶದಲ್ಲಿಯೇ ಇದೆ.

ಅಹಮದಾಬಾದಿನ ಕ್ಯಾಲಿಕೋ ಗಿರಣಿಯವರು 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರು. ಯಂತ್ರಗಳು ಹೊಸವು, ಕೆಲಸಗಾರರು ಅನುಭವಸ್ಥರು. ಆದರೂ ನಿರೀಕ್ಷಿಸಿದ ಫಲ ದೊರೆಯಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಈ ಶಾಲೆಯನ್ನು ಪರೀಕ್ಷಿಸಿದರು. ಅಲ್ಲಿ 224 ಮಗ್ಗಗಳಿಗೆ 29 ಜನರಿದ್ದು, ಅವರು 12 ಬಗೆಯ ಕೆಲಸಗಳಲ್ಲಿ ಹಂಚಿಹೋಗಿದ್ದರು. ನೇಕಾರನಿಗೆ 24 ಅಥವಾ 32 ಮಗ್ಗಗಳು, ಬಾಬಿನ್ ತುಂಬುವವನಿಗೆ 40ರಿಂದ 50, ಹಾಸಿನ ಎಳೆಗಳು ಒಟ್ಟಾಗಿ ಕಡಿದಾಗ ಸರಿಪಡಿಸುವವನಿಗೆ 60ರಿಂದ 80, ಜಾಬರನಿಗೆ 112. ಒಬ್ಬನ ಮಗ್ಗಗಳ ಎಲ್ಲೆ ಮತ್ತೊಬ್ಬನ ಎಲ್ಲೆಗೆ ಹೊಂದುತ್ತಿರಲಿಲ್ಲ. ಎಳೆ ಕಡಿದರೆ ನೇಕಾರನು ಯಾರನ್ನು ಕರೆಯಬೇಕು, ಕರೆದವನು ಮೊದಲು ಯಾರ ಮಗ್ಗಕ್ಕೆ ಹೋಗಬೇಕು? ಒಂದು ಮಗ್ಗದ ಬಟ್ಟೆಗೆ ಹೊಣೆಗಾರರು ಇಂಥವರೆಂದು ಹೇಳುವಂತಿರಲಿಲ್ಲ. ಇಂಥ ಕಡೆ ಮೇಲ್ವಿಚಾರಕನು ಎಷ್ಟೇ ಸಮರ್ಥನಾಗಿದ್ದರೂ ಅವನ ದಿನವೆಲ್ಲ ಓಡಾಟದಲ್ಲಿಯೂ ಗದರಿಕೆಯಲ್ಲಿಯೂ ಕಳೆಯುವುದು ಸಹಜ.

ಮಗ್ಗಗಳ ಒಂದೊಂದು ಗುಂಪಿಗೆ ಕೆಲಸಗಾರರ ಒಂದೊಂದು ಚಿಕ್ಕ ತಂಡವನ್ನು ಹೊಣೆಮಾಡಬಹುದೆಂಬ ಸೂಚನೆಯನ್ನು ರೈಸ್ ಮುಂದಿಟ್ಟರು. ಮುಂದೆ ನಡೆದುದೇ ಈ ಪ್ರಯೋಗದ ಸ್ವಾರಸ್ಯ. ಆಡಳಿತದವರು ತಂಡಗಳನ್ನು ಕಟ್ಟಿಕೊಡಬೇಕಾಗಲಿಲ್ಲ. ಮೇಲ್ವಿಚಾರಕರೂ ಕೆಲಸಗಾರರೂ ಸೂಚನೆಯನ್ನು ತಮ್ಮದಾಗಿ ಮಾಡಿಕೊಂಡು, ಯಾರು ಯಾರೊಡನೆ ಇರಬೇಕೆಂಬುದನ್ನು ತಾವೇ ಗೊತ್ತುಮಾಡಿಕೊಂಡರು. ಆರಂಭದ ತೊಡಕುಗಳು ಕಳೆದ ಬಳಿಕ ಕಾರ್ಯದಕ್ಷತೆ ಶೇಕಡಾ 80ರಿಂದ ಸುಮಾರು 95ಕ್ಕೆ ಏರಿತು. ದೋಷವುಳ್ಳ ಬಟ್ಟೆಯ ಪ್ರಮಾಣ ಶೇಕಡಾ 32ರಿಂದ ಸುಮಾರು 20ಕ್ಕೆ ಇಳಿಯಿತು. ಮಗ್ಗಗಳು ಮೊದಲಿನವೇ.

ಹಾಗಾದರೆ ಮೇಲ್ವಿಚಾರಕನಿಗೆ ಉಳಿದ ಕೆಲಸವೇನು? ತಂಡದ ಒಳಗಿನ ಹಂಚಿಕೆಯನ್ನು ತಂಡವೇ ನೋಡಿಕೊಳ್ಳುವಾಗ, ಅವನ ದೃಷ್ಟಿ ಹೊರಕ್ಕೆ ತಿರುಗಬೇಕಾಗುತ್ತದೆ: ನೂಲು ಸಮಯಕ್ಕೆ ಬರುತ್ತಿದೆಯೆ, ಅದರ ಗುಣ ಸರಿಯಾಗಿದೆಯೆ, ಶಾಲೆಯ ತೇವಾಂಶ ಹದವಾಗಿದೆಯೆ, ಮಾದರಿಯ ಬದಲಾವಣೆ ತಂಡದ ಶಕ್ತಿಯನ್ನು ಮೀರುತ್ತಿದೆಯೆ. ಇದು ಅಪ್ಪಣೆ ಮಾಡುವುದಕ್ಕಿಂತ ಕಷ್ಟವಾದ ವಿದ್ಯೆ. ಮೇಲಿನವರ ಎದುರು ತಂಡದ ಪರವಾಗಿ ನಿಂತು ಮಾತನಾಡುವ ಅಗತ್ಯವೂ ಇದರಲ್ಲಿ ಬರುತ್ತದೆ. ನಾಯಕತ್ವದ ತರಬೇತಿಯೆಂದು ಭಾಷಣಕಲೆಯನ್ನು ಮಾತ್ರ ಕಲಿಸುವವರು ಈ ಭಾಗವನ್ನು ಮುಟ್ಟುವುದೇ ಅಪರೂಪ.

ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಮಿಲ್ಲರ್ 1970ರಲ್ಲಿ ಗಿರಣಿಯನ್ನು ಮತ್ತೆ ನೋಡಿ, ತಮ್ಮ ವರದಿಯನ್ನು 1975ರಲ್ಲಿ ಪ್ರಕಟಿಸಿದರು. ಸ್ವಯಂಚಾಲಿತ ಮಗ್ಗಗಳ ಮೊದಲ ಶಾಲೆಯಲ್ಲಿ ತಂಡದ ಪದ್ಧತಿ ಬಹುಮಟ್ಟಿಗೆ ಉಳಿದಿತ್ತು. ಅದನ್ನು ತರುವಾಯ ಅನುಸರಿಸಿದ ಬೇರೆ ಕಡೆಗಳಲ್ಲಿ ಅದು ಸವೆದುಹೋಗಿತ್ತು. ಮಾರುಕಟ್ಟೆಯ ಒತ್ತಡಗಳು ಒಳನುಗ್ಗಿದಾಗ ತಂಡಗಳ ಎಲ್ಲೆಯನ್ನು ಕಾಯುವ ಕೆಲಸ ಅಲ್ಲಿ ಸಾಗಿರಲಿಲ್ಲ.