ಚೀಟಿ ಇಲ್ಲದ ಬಾಟಲಿ ವಿಷವೆಂದೇ ತಿಳಿಯಿರಿ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ತೋಟದ ಔಷಧಿ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯಲ್ಲೇ ಇರುತ್ತದೆ. ಚೀಟಿ ಹರಿದ ಬಾಟಲಿಯನ್ನು ಮೂಸಿ ನೋಡಬೇಡಿ. ಗುಣ ತಿಳಿಯದ ರಾಸಾಯನಿಕವನ್ನು ಪ್ರಯೋಗಾಲಯದವರೂ ವಿಷವೆಂದೇ ಭಾವಿಸಿ, ಕೈಗವಸು ಹಾಕಿಯೇ ಮುಟ್ಟುತ್ತಾರೆ. ಉಣ್ಣಿ ಹೋಗಲಿ ಎಂದು ಅದನ್ನು ಹಸುವಿಗೆ ಹಚ್ಚಿದರೆ, ಮೈ ನೆಕ್ಕಿದ ಹಸು ಉಳಿಯದಿರಬಹುದು.

ಔಷಧಿಯನ್ನು ಮೂಲ ಡಬ್ಬಿಯಲ್ಲೇ ಇಟ್ಟು ಬೀಗ ಹಾಕಿ. ಚೀಟಿಯಲ್ಲಿ ಕೆಂಪು ತ್ರಿಕೋನವಿದ್ದರೆ ಅತಿ ಘೋರ ವಿಷ. ಹಸಿರಿದ್ದರೂ ಎಚ್ಚರ ಬೇಕು. ಮೈಲುತುತ್ತ ಕರಗಿಸಿದ ಬಕೆಟ್‌ನಲ್ಲಿ ಹಿಂಡಿ ನೆನೆಸಬೇಡಿ.

ಹಸು ಜೊಲ್ಲು ಸುರಿಸಿ ನಡುಗಿದರೆ ತಕ್ಷಣ 1962ಕ್ಕೆ ಕರೆ ಮಾಡಿ. ವೈದ್ಯರಿಗೆ ಡಬ್ಬಿ ತೋರಿಸಿ. ವಿಷ ಯಾವುದೆಂದು ತಿಳಿದರೆ ಚಿಕಿತ್ಸೆ ಸುಲಭ. ಅವರು ಹೇಳುವವರೆಗೆ ಆ ಹಾಲನ್ನು ಡೇರಿಗೂ, ಮಕ್ಕಳಿಗೂ, ಕರುವಿಗೂ ಕೊಡಬೇಡಿ.

– ಪಶುವೈದ್ಯಾಧಿಕಾರಿ