ಹಲ್ಲು ಕೀಳಿಸಿಕೊಂಡ ಮೇಲೆ ಬಾಯಿಯ ಆರೈಕೆ

ಹಲ್ಲು ಕೀಳುವುದು ದಂತವೈದ್ಯರ ಕೆಲಸ. ಕಿತ್ತ ಗಾಯವನ್ನು ಜೋಪಾನವಾಗಿ ಮಾಯಿಸಿಕೊಳ್ಳುವುದು ಮನೆಯವರ ಕೆಲಸ. ಮೊದಲನೆಯದು ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎರಡನೆಯದಕ್ಕೆ ವಾರಗಳು ಬೇಕು. ಆದರೂ ಹಲ್ಲು ಹೊರಬಂದಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ಭಾವಿಸಿ, ಬಸ್ಸಿನಿಂದಿಳಿದು ಮನೆ ಸೇರಿದೊಡನೆ ಗಳಗಳನೆ ಬಾಯಿ ಮುಕ್ಕಳಿಸಿ, ಬಿಸಿ ಕಾಫಿ ಕುಡಿದು, ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಮೂರೂ ಆ ದಿನ ಮಾಡಬಾರದ ಕೆಲಸಗಳೇ.

ಕಾಸರಗೋಡಿನ ಕಡೆಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕುಂಟು. ಚಿಕಿತ್ಸಾಲಯದಲ್ಲಿ ಕೊಡುವ ಸೂಚನೆಯ ಚೀಟಿ ಸಾಮಾನ್ಯವಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮಲಯಾಳದ ಮಾತು ಅರ್ಥವಾದರೂ ಅದರ ಅಕ್ಷರ ಬಾರದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಗಂಜಿ ಬೇಯಿಸಿ ಕೊಡುವವರು, ರಾತ್ರಿ ಎದ್ದು ನೋಡುವವರು ಹೆಚ್ಚಾಗಿ ಅವರೇ. ಚೀಟಿಯಾದರೋ ಮಾತ್ರೆಯ ಪೊಟ್ಟಣದೊಂದಿಗೆ ಚೀಲದಲ್ಲೇ ಉಳಿಯುತ್ತದೆ. ಶಾಲೆಗೆ ಹೋಗುವ ಮಗು ಮನೆಯಲ್ಲಿದ್ದರೆ ಅಂದೇ ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ಅಂತಹ ಚೀಟಿಯಲ್ಲಿ ಏನಿರುತ್ತದೆ, ಏಕಿರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಿದ್ದೇನೆ.

ಹಲ್ಲು ಹೊರಬಂದೊಡನೆ ದವಡೆಯ ಎಲುಬಿನಲ್ಲಿ ಒಂದು ಕುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕಡುಗೆಂಪು ಬಣ್ಣದ ಈ ಹೆಪ್ಪನ್ನು ಕೊಳೆಯೆಂದು ತಿಳಿದು ನಾಲಗೆಯಿಂದ ಕೆದಕುವವರಿದ್ದಾರೆ; ಕನ್ನಡಿಯ ಮುಂದೆ ನಿಂತು ಕಡ್ಡಿಯಿಂದ ತೆಗೆಯಲು ಹೊರಡುವವರೂ ಇದ್ದಾರೆ. ವಾಸ್ತವವಾಗಿ ಅದು ಗಾಯಕ್ಕೆ ಶರೀರವೇ ಕಟ್ಟಿದ ಪಟ್ಟಿ. ಅದರ ಮರೆಯಲ್ಲಿ ಎಲುಬೂ ನರಗಳ ತುದಿಗಳೂ ಸುರಕ್ಷಿತವಾಗಿರುತ್ತವೆ; ಅದನ್ನೇ ಆಧಾರವಾಗಿ ಹಿಡಿದು ಹೊಸ ಮಾಂಸ ಬೆಳೆಯುತ್ತದೆ. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಮೊಸರಾಗುವ ತನಕ ಯಾವ ಗೃಹಿಣಿಯೂ ಅಲುಗಿಸುವುದಿಲ್ಲ. ಬಾಯಿಯೊಳಗಿನ ಹೆಪ್ಪಿಗೂ ಅದೇ ನ್ಯಾಯ. ಮೊದಲ ದಿನದ ನಿಯಮಗಳೆಲ್ಲವೂ ಇದೊಂದರಿಂದಲೇ ಹುಟ್ಟಿದವು.

ವೈದ್ಯರು ಗಾಯದ ಮೇಲಿಟ್ಟ ಬಟ್ಟೆಯ ಮಡಿಕೆಯನ್ನು ಅವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಬಿಗಿಯಾಗಿ ಕಚ್ಚಿಕೊಂಡಿರಬೇಕು. ನಡುನಡುವೆ ತೆಗೆದು ರಕ್ತ ನಿಂತಿತೇ ಎಂದು ನೋಡುವ ಕುತೂಹಲ ಬೇಡ. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಉಗುಳಬಾರದು. ಉಗುಳುವುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ರಕ್ತದ ರುಚಿ ಬಂದೊಡನೆ ಅಂಗಳದ ಕಡೆಗೆ ಧಾವಿಸುತ್ತೇವೆ. ಉಗುಳಿದಾಗ ಬಾಯೊಳಗೆ ಉಂಟಾಗುವ ಸೆಳೆತ ಆ ಹೆಪ್ಪನ್ನು ಕಿತ್ತುಬಿಡಬಹುದು. ಮತ್ತೆ ರಕ್ತ ಬರುತ್ತದೆ, ಮತ್ತೆ ಉಗುಳುತ್ತೇವೆ. ಜೊಲ್ಲನ್ನು ನುಂಗುವುದೇ ಸರಿ. ಮೊದಲ ದಿನ ಜೊಲ್ಲು ನಸುಗೆಂಪಾಗಿರುವುದು ಸಹಜ. ಒಂದು ಹನಿ ರಕ್ತ ಬಾಯಿತುಂಬ ಜೊಲ್ಲಿಗೆ ಬಣ್ಣ ಕೊಡಬಲ್ಲದು. ನಿಜವಾಗಿಯೂ ರಕ್ತ ಒಸರುತ್ತಿದ್ದರೆ ಶುಚಿಯಾದ ಬಟ್ಟೆಯನ್ನು ಮಡಿಸಿ, ಗಾಯದ ಮೇಲಿಟ್ಟು, ಇನ್ನೊಮ್ಮೆ ಅರ್ಧ ಗಂಟೆ ಅಲುಗಿಸದೆ ಕಚ್ಚಿ ಹಿಡಿಯಬೇಕು. ರಾತ್ರಿ ತಲೆಯನ್ನು ಎರಡು ದಿಂಬುಗಳ ಮೇಲೆ ಎತ್ತರಿಸಿ ಮಲಗುವುದು ಹಿತ.

ಇದೇ ಕಾರಣದಿಂದ ಕೊಳವೆಯಲ್ಲಿ ಹೀರುವುದೂ ವರ್ಜ್ಯ. ಬೊಂಡದ ನೀರು ಬಲು ಒಳ್ಳೆಯದು, ಆದರೆ ಲೋಟಕ್ಕೆ ಹೊಯ್ದು ಕುಡಿಯಬೇಕು. ಬೀಡಿ ಸಿಗರೇಟುಗಳಿಂದ ಎರಡು ಪಟ್ಟು ಕೇಡು: ಸೇದುವ ಸೆಳೆತ ಒಂದು, ಗಾಯಕ್ಕೆ ರಕ್ತಸಂಚಾರವನ್ನು ಕುಗ್ಗಿಸುವ ಹೊಗೆ ಇನ್ನೊಂದು.

ಮರಗಟ್ಟಿಸುವ ಚುಚ್ಚುಮದ್ದಿನ ಪ್ರಭಾವ ಕೆಲವು ಗಂಟೆ ಇರುತ್ತದೆ. ಅದು ಇಳಿಯುವ ತನಕ ಉಣ್ಣಬಾರದು. ಮಕ್ಕಳಂತೂ ತಿಳಿಯದೆ ತುಟಿಯನ್ನೇ ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುತ್ತಾರೆ. ಆಮೇಲೆ ತಣಿದ ಗಂಜಿ, ರಾಗಿ ಮಣ್ಣಿ, ಮಜ್ಜಿಗೆಯನ್ನ, ಹಿಸುಕಿದ ಬಾಳೆಹಣ್ಣು, ಹಾಲಿನಲ್ಲಿ ನೆನೆದ ಇಡ್ಲಿ ಇವು ಸಾಕು. ಕುಚ್ಚಲಕ್ಕಿಯಾದರೆ ಅಗುಳು ಕರಗುವಷ್ಟು ಬೇಯಿಸಬೇಕು. ಹಪ್ಪಳ, ಅವಲಕ್ಕಿ, ಉಪ್ಪಿನಕಾಯಿಗಳು ವಾರದ ಮಟ್ಟಿಗೆ ದೂರವಿರಲಿ. ಸಕ್ಕರೆ ಕಾಯಿಲೆಯವರು ನೋವೆಂದು ಉಪವಾಸವಿದ್ದು ಎಂದಿನ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಅವರು ಹೊತ್ತಿಗೆ ಸರಿಯಾಗಿ ಮೆತ್ತನೆಯ ಆಹಾರವನ್ನು ತೆಗೆದುಕೊಳ್ಳಲೇಬೇಕು.

ಕೆನ್ನೆ ಊದಿಕೊಂಡಿತೆಂದು ಹಿರಿಯರು ಬಿಸಿ ಶಾಖ ಕೊಡಲು ಮುಂದಾಗುತ್ತಾರೆ. ಮೊದಲ ದಿನ ಬೇಕಾದುದು ತಂಪು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಮೈಗೆ 15 ನಿಮಿಷ ಹಿಡಿದು, ಅಷ್ಟೇ ಹೊತ್ತು ಬಿಡುವು ಕೊಟ್ಟು, ಪುನಃ ಹಿಡಿಯಬೇಕು. ದವಡೆಯಲ್ಲಿ ಹುದುಗಿದ ಬುದ್ಧಿಹಲ್ಲನ್ನು ವಸಡು ಕೊಯ್ದು ತೆಗೆದಿದ್ದರೆ ಊತವು ಎರಡು ಮೂರನೆಯ ದಿನ ಹೆಚ್ಚಾಗಿ, ಅನಂತರ ಇಳಿಮುಖವಾಗುತ್ತದೆ. ಬಾಯಿ ಪೂರ್ತಿ ತೆರೆಯಲಾಗದಿರುವುದೂ ಉಂಟು. ಇದಕ್ಕೆ ಗಾಬರಿ ಬೇಡ.

ಎರಡನೆಯ ದಿನದಿಂದ ನಿಯಮ ಬದಲಾಗುತ್ತದೆ. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ದಿನಕ್ಕೆ ನಾಲ್ಕೈದು ಸಲ, ಮುಖ್ಯವಾಗಿ ಊಟವಾದ ಮೇಲೆ, ಬಾಯಿಯಲ್ಲಿ ತುಂಬಿಕೊಂಡು ತಲೆಯನ್ನು ಮೆಲ್ಲನೆ ಆ ಕಡೆ ಈ ಕಡೆ ವಾಲಿಸಿ, ನೀರು ತಾನಾಗಿ ಬೀಳುವಂತೆ ಬಿಡಬೇಕು. ಗಾಯದ ನೆಪದಿಂದ ವಾರಗಟ್ಟಲೆ ಹಲ್ಲುಜ್ಜದಿರುವುದು ತಪ್ಪು. ಉಳಿದ ಹಲ್ಲುಗಳನ್ನು ಮಿದುವಾದ ಬ್ರಷ್ಷಿನಿಂದ ಉಜ್ಜಿ, ಗಾಯದ ಜಾಗವನ್ನು ಮಾತ್ರ ತಪ್ಪಿಸಿದರೆ ಸಾಕು. ಕೊಳಕು ಬಾಯಿಯಲ್ಲಿ ಗಾಯ ಬೇಗ ಮಾಯದು.

ಇನ್ನು ಮನೆಮದ್ದುಗಳ ಮಾತು. ಲವಂಗದೆಣ್ಣೆಯ ಹತ್ತಿ, ಅರಿಶಿನ, ನಸ್ಯ, ಬೂದಿ ಇವುಗಳನ್ನು ಹಸಿಗಾಯಕ್ಕೆ ತುಂಬುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಹಲ್ಲುನೋವಿಗೆ ಲವಂಗ ಉಪಶಮನ ಕೊಡುವುದು ನಿಜ. ತೆರೆದ ಕುಳಿಗೆ ಅದನ್ನು ನಾವಾಗಿ ಹಾಕುವುದು ಬೇರೆ ವಿಷಯ. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಒತ್ತಿಟ್ಟುಕೊಳ್ಳುವವರೂ ಇದ್ದಾರೆ. ಆಸ್ಪಿರಿನ್ನಿನಂಥ ಮಾತ್ರೆ ಹಾಗೆ ಇಟ್ಟರೆ ಚರ್ಮವನ್ನು ಸುಡುತ್ತದೆ. ನುಂಗಿದರೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುತ್ತದೆ. ವೈದ್ಯರು ಬರೆದ ಮಾತ್ರೆಯೇ ಇರಲಿ. ಆದರೆ ಹೃದ್ರೋಗಕ್ಕಾಗಿ ನಿತ್ಯ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಎಲುಬು ಟೊಳ್ಳಾಗುವ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ವೃದ್ಧೆಯರೂ ಸೇರಿದಂತೆ ಎಲ್ಲರೂ ಹಲ್ಲು ಕೀಳುವ ಮೊದಲೇ ತಮ್ಮ ಮಾತ್ರೆಗಳನ್ನು ದಂತವೈದ್ಯರಿಗೆ ತೋರಿಸಬೇಕು.

ನೋವು ದಿನದಿಂದ ದಿನಕ್ಕೆ ಇಳಿಯಬೇಕಾದುದು ಕ್ರಮ. ಇಳಿದ ನೋವು ಮೂರನೆಯ ದಿನದ ಸುಮಾರಿಗೆ ಮರಳಿ ಕೆರಳಿ ಕಿವಿಯವರೆಗೆ ಸಿಡಿಯತೊಡಗಿದರೆ, ಬಾಯಿ ದುರ್ವಾಸನೆ ಬೀರಿದರೆ, ಹೆಪ್ಪು ಕಳಚಿ ಎಲುಬು ಬತ್ತಲಾಗಿದೆಯೆಂದು ಊಹಿಸಬಹುದು. ವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಕೆಳದವಡೆಯ ಹಿಂಬದಿಯ ಹಲ್ಲುಗಳಲ್ಲಿ, ಧೂಮಪಾನಿಗಳಲ್ಲಿ ಇದು ಹೆಚ್ಚು. ಮಾತ್ರೆ ನುಂಗುತ್ತ ಮನೆಯಲ್ಲಿ ನರಳಬೇಕಾಗಿಲ್ಲ. ವೈದ್ಯರು ಕುಳಿಯನ್ನು ತೊಳೆದು ಔಷಧದ ಪಟ್ಟಿಯಿಟ್ಟರೆ ಸಾಮಾನ್ಯವಾಗಿ ಬೇಗನೆ ಉಪಶಮನ ದೊರೆಯುತ್ತದೆ.

ಎಲೆಯಡಿಕೆಯ ಬಗೆಗೆ ಬರೆಯುವಾಗ ಕೈ ಹಿಂಜರಿಯುತ್ತದೆ. ನಮ್ಮ ಎಷ್ಟೋ ಮನೆಗಳನ್ನು ಸಾಕಿದ್ದು, ಮಕ್ಕಳನ್ನು ಓದಿಸಿದ್ದು ಅಡಿಕೆಯ ತೋಟವೇ. ಆದರೂ ಹೇಳದೆ ವಿಧಿಯಿಲ್ಲ. ಹಸಿಗಾಯಕ್ಕೆ ಸುಣ್ಣವೂ ಅಡಿಕೆಯ ಹೋಳೂ ಹೊಗೆಸೊಪ್ಪೂ ವಿಷವಿದ್ದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥವು ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್ ಕಾರಕವೆಂದೇ ಪರಿಗಣಿಸಿತು. ಹಲ್ಲು ಕಿತ್ತ ಜಾಗದಲ್ಲಿ ವಸಡು ಎರಡು ಮೂರು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗಿನ ಎಲುಬು ತುಂಬಲು ಕೆಲವು ತಿಂಗಳು ಬೇಕು. ಮೂರು ವಾರ ಕಳೆದರೂ ಹುಣ್ಣು ಮಾಯದಿದ್ದರೆ, ಅದರ ಅಂಚು ಗಡುಸಾಗಿದ್ದರೆ, ನೋವಿಲ್ಲವಲ್ಲಾ ಎಂದು ಸುಮ್ಮನಿರಬಾರದು. ಎಲೆಯಡಿಕೆ ಹಾಕುವವರು ವೈದ್ಯರಿಗೆ ಆ ಸಂಗತಿಯನ್ನು ಮುಚ್ಚಿಡದೆ ತಿಳಿಸಿ ತೋರಿಸಿಕೊಳ್ಳಬೇಕು.

ಕೆಲವು ಲಕ್ಷಣಗಳು ಕಂಡಾಗ ಮಾತ್ರ ಬೆಳಗಾಗುವುದನ್ನು ಕಾಯುವಂತಿಲ್ಲ. ಬಟ್ಟೆ ಕಚ್ಚಿ ಹಿಡಿದರೂ ನಿಲ್ಲದ ರಕ್ತ, ಚಳಿ ಜ್ವರ, ಕೀವು, ಕೆನ್ನೆಯಿಂದ ಗದ್ದದ ಕೆಳಗೆ ಕುತ್ತಿಗೆಗೆ ಇಳಿಯುವ ಊತ, ನಾಲಗೆ ಮೇಲಕ್ಕೆತ್ತಿದಂತಾಗಿ ನುಂಗಲು, ಮಾತನಾಡಲು, ಉಸಿರಾಡಲು ಕಷ್ಟ ಇವು ಆ ಲಕ್ಷಣಗಳು. ಬಾಯಿಯ ತಳದಲ್ಲಿ ಹರಡುವ ಇಂತಹ ಸೋಂಕನ್ನು 1836ರಲ್ಲಿ ಲುಡ್ವಿಗ್ ಎಂಬ ಜರ್ಮನ್ ವೈದ್ಯನು ವಿವರಿಸಿದನು. ಅವನ ಹೆಸರಿನಿಂದಲೇ ಆ ರೋಗ ಇಂದಿಗೂ ಪರಿಚಿತ. ಅದು ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿಯನ್ನು ಮುಚ್ಚಬಲ್ಲದು. ಹಲ್ಲು ಕಿತ್ತವರನ್ನೇ ಹುಡುಕಿಕೊಂಡು ಹೋಗದೆ, ಗಡಿಯ ಈಚೆಯಾಗಲಿ ಮಂಗಳೂರಿನ ಕಡೆಯಾಗಲಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ರಾತ್ರಿಯೇ ಕರೆದೊಯ್ಯಬೇಕು. ಆ ಚೀಟಿಯನ್ನೂ ಮಾತ್ರೆಗಳನ್ನೂ ಜೊತೆಗೆ ಒಯ್ಯಬೇಕು.