ಸ್ಟಾಕ್ ಫುಟೇಜ್: ದುಡ್ಡು ಕೊಡುವ ಮೊದಲು ಪರವಾನಗಿ ಓದಿ

ರಾಗಿ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ನೀವು ಮೂರು ನಿಮಿಷದ ಪ್ರಚಾರ ವಿಡಿಯೊ ಮಾಡಿಕೊಡಬೇಕಿದೆ ಎಂದುಕೊಳ್ಳಿ. ಹೊಲಕ್ಕೆ ಹೋಗಿ ರೈತರನ್ನು ಮಾತನಾಡಿಸಿ ಬಂದಿದ್ದೀರಿ. ಹಿಟ್ಟಿನ ಗಿರಣಿಯಲ್ಲೂ ಶೂಟಿಂಗ್ ಮುಗಿದಿದೆ. ಎಡಿಟಿಂಗಿಗೆ ಕೂತಾಗ ತೊಡಕು ಗೊತ್ತಾಗುತ್ತದೆ. ಮುಂಗಾರು ಕೈಕೊಟ್ಟಿತು ಎಂದು ರೈತ ಹೇಳುವಾಗ ತೋರಿಸಲು ಬಿರುಕುಬಿಟ್ಟ ನೆಲವಿಲ್ಲ, ಮೋಡವಿಲ್ಲ, ಮೇಲಿನಿಂದ ಕಾಣುವ ಹೊಲಗಳಿಲ್ಲ. ಮಳೆಗಾಲದವರೆಗೆ ಕಾಯುವಂತಿಲ್ಲ. ಡ್ರೋನ್ ತರಿಸೋಣವೆಂದರೆ ಒಂದು ದಿನದ ಬಾಡಿಗೆಗೇ ಬಜೆಟ್ ಕರಗುತ್ತದೆ. ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಸ್ಟಾಕ್ ಫುಟೇಜ್.

ಬೇರೆಯವರು ಮೊದಲೇ ಚಿತ್ರೀಕರಿಸಿ, ಮಾರಾಟಕ್ಕೋ ಉಚಿತ ಬಳಕೆಗೋ ಇಟ್ಟಿರುವ ಚಿಕ್ಕ ದೃಶ್ಯತುಣುಕುಗಳಿಗೆ ಈ ಹೆಸರು. ಒಂದೊಂದು ತುಣುಕು, ಅಂದರೆ ಕ್ಲಿಪ್, ಕೆಲವೇ ಸೆಕೆಂಡುಗಳದ್ದು. ಎಷ್ಟೋ ಕ್ಲಿಪ್‌ಗಳಿಗೆ ಧ್ವನಿಯೇ ಇರುವುದಿಲ್ಲ. ಮಾತನಾಡುವವರ ಮುಖದ ನಡುನಡುವೆ ಹಾಕುವ ಪೂರಕ ದೃಶ್ಯಗಳನ್ನು ಎಡಿಟರ್‌ಗಳು ಬಿ-ರೋಲ್ ಎನ್ನುತ್ತಾರಲ್ಲ, ಸ್ಟಾಕ್ ಹೆಚ್ಚಾಗಿ ಸೇರುವುದು ಅಲ್ಲಿಗೆ.

ನೀವು ದುಡ್ಡು ಕೊಟ್ಟರೂ ಆ ದೃಶ್ಯ ನಿಮ್ಮದಾಗುವುದಿಲ್ಲ. ಬಳಸುವ ಅನುಮತಿ, ಅಂದರೆ ಲೈಸೆನ್ಸ್, ಮಾತ್ರ ಸಿಗುತ್ತದೆ. ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದ ಹಾಗೆ: ಮದುವೆಗೆಂದು ಪಡೆದ ಮಂಟಪದಲ್ಲಿ ಬಟ್ಟೆ ಅಂಗಡಿ ಹಾಕುವಂತಿಲ್ಲ. ಆದ್ದರಿಂದ ಎಲ್ಲಿ ಅಗ್ಗ ಎಂದು ಹುಡುಕುವ ಮೊದಲು ಈ ವಿಡಿಯೊ ಎಲ್ಲೆಲ್ಲಿ ಓಡುತ್ತದೆ, ಏನನ್ನು ಮಾರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯೂಟ್ಯೂಬಿಗೆ ಮಾತ್ರವೇ? ಟಿವಿ ಜಾಹೀರಾತೇ? ನಾಳೆ ಇದೇ ದೃಶ್ಯವನ್ನು ಪೊಟ್ಟಣದ ಮೇಲೆ ಮುದ್ರಿಸುತ್ತಾರೆಯೇ? ಉತ್ತರ ಬದಲಾದರೆ ಲೈಸೆನ್ಸೂ ಬದಲಾಗಬೇಕಾಗಬಹುದು.

ಪರವಾನಗಿಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಕಾಣುತ್ತವೆ. ರಾಯಲ್ಟಿ-ಫ್ರೀ ಎಂದರೆ ಪುಕ್ಕಟೆ ಅಂತಲ್ಲ. ಒಮ್ಮೆ ಹಣ ಕೊಟ್ಟರೆ ಸಾಕು, ಪ್ರತಿ ಪ್ರಸಾರಕ್ಕೂ ಮತ್ತೆ ಕೊಡಬೇಕಿಲ್ಲ ಎಂದು ಅರ್ಥ. ರೈಟ್ಸ್-ಮ್ಯಾನೇಜ್ಡ್ ಎಂದರೆ ಎಷ್ಟು ಕಾಲ, ಯಾವ ದೇಶದಲ್ಲಿ, ಯಾವ ಮಾಧ್ಯಮದಲ್ಲಿ ಎಂದು ಲೆಕ್ಕ ಹಾಕಿ ಬೆಲೆ ಹೇಳುವ ಪದ್ಧತಿ. ಹಳೆಯ ಸುದ್ದಿಚಿತ್ರ, ಕ್ರೀಡೆ, ಗಣ್ಯರ ದೃಶ್ಯಗಳಿಗೆ ಇದು ಇನ್ನೂ ಚಾಲ್ತಿಯಲ್ಲಿದೆ. ಮೂರನೆಯದು ಎಡಿಟೋರಿಯಲ್ ಯೂಸ್ ಓನ್ಲಿ. ಸುದ್ದಿ, ಸಾಕ್ಷ್ಯಚಿತ್ರ, ಪಾಠಗಳಂಥ ವಿಷಯಕ್ಕೆ ಬಳಸಬಹುದು, ಜಾಹೀರಾತಿಗೆ ಬಳಸುವಂತಿಲ್ಲ. ಬೆಂಗಳೂರಿನ ರಸ್ತೆಯ ಜನಜಂಗುಳಿ, ಅಂಗಡಿಗಳ ನಾಮಫಲಕ, ಜಾತ್ರೆಯ ಮುಖಗಳಿರುವ ಕ್ಲಿಪ್‌ಗಳಲ್ಲಿ ಬಹಳಷ್ಟು ಈ ಗುಂಪಿಗೇ ಸೇರುತ್ತವೆ. ಕಾರಣ ಸರಳ. ಅಲ್ಲಿ ಕಾಣುವವರ ಒಪ್ಪಿಗೆ ಪತ್ರ, ಅಂದರೆ ಮಾಡೆಲ್ ರಿಲೀಸ್, ಯಾರೂ ಪಡೆದಿರುವುದಿಲ್ಲ. ಖಾಸಗಿ ಕಟ್ಟಡ, ಕಂಪನಿ ಲಾಂಛನಗಳಿಗೆ ಬೇಕಾದ ಪ್ರಾಪರ್ಟಿ ರಿಲೀಸ್ ಕೂಡ ಇರುವುದಿಲ್ಲ. ನಮ್ಮ ರಾಗಿ ವಿಡಿಯೊ ಜಾಹೀರಾತೇ ಆದ್ದರಿಂದ ಸಂತೆಯ ಅಂಥ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಬಿಡಬೇಕು.

"ಇಷ್ಟೆಲ್ಲ ಯಾಕೆ, ಯೂಟ್ಯೂಬಿನಿಂದ ಐದು ಸೆಕೆಂಡ್ ತೆಗೆದು ಹಾಕಿದರೆ ಯಾರು ಕೇಳುತ್ತಾರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಐದು ಸೆಕೆಂಡ್, ಹತ್ತು ಸೆಕೆಂಡ್ ಬಳಸಿದರೆ ತಪ್ಪಿಲ್ಲ ಎಂಬ ನಿಯಮ 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಾಯ್ದೆಯ 52ನೇ ಕಲಮು ವಿಮರ್ಶೆ, ವರದಿಗಾರಿಕೆಯಂಥ ಕೆಲವು ಉದ್ದೇಶಗಳಿಗೆ ನ್ಯಾಯಯುತ ಬಳಕೆಯ ವಿನಾಯಿತಿ ಕೊಡುತ್ತದೆ, ನಿಜ. ಹಿಟ್ಟಿನ ಪ್ರಚಾರ ಆ ಪಟ್ಟಿಗೆ ಸೇರುವುದಿಲ್ಲ. ಇನ್ನು ಯೂಟ್ಯೂಬಿನ ಲೆಕ್ಕವೇ ಬೇರೆ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್, ಅಂದರೆ ಹಕ್ಕುಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗಬಹುದು. ಸುದ್ದಿಸಂಸ್ಥೆಯೊಂದರ ಕೆಲವೇ ಸೆಕೆಂಡಿನ ದೃಶ್ಯ ಬಳಸಿದ್ದಕ್ಕೆ ಭಾರತದ ಹೆಸರಾಂತ ಯೂಟ್ಯೂಬರ್‌ಗಳು ಸ್ಟ್ರೈಕ್ ಎದುರಿಸಿದ್ದು 2025ರಲ್ಲಿ ದೊಡ್ಡ ಸುದ್ದಿಯೇ ಆಗಿತ್ತು.

ಸರ್ಕಾರದ್ದಾದರೆ ಎಲ್ಲರದ್ದು ಎಂಬ ನಂಬಿಕೆಯೂ ಇದೆ. ಅಮೆರಿಕದ ನಾಸಾ ಚಿತ್ರಿಸಿದ ಬಹುಪಾಲು ದೃಶ್ಯಗಳಿಗೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಭೂಮಿ, ಚಂದ್ರ, ಚಂಡಮಾರುತ ಬೇಕಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ನಾಸಾ ಲಾಂಛನ ಬಳಸಬೇಡಿ, ನಿಮ್ಮ ಸರಕನ್ನು ನಾಸಾ ಮೆಚ್ಚಿದೆ ಎಂಬ ಭಾವನೆಯನ್ನೂ ಹುಟ್ಟಿಸಬೇಡಿ. ಭಾರತದಲ್ಲಿ ಹಾಗಲ್ಲ. ಇಲ್ಲಿ ಸರ್ಕಾರಿ ಕೃತಿಗೂ 60 ವರ್ಷ ಹಕ್ಕುಸ್ವಾಮ್ಯವಿದೆ. ಚಲನಚಿತ್ರಗಳಿಗೂ ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ತೆರೆಕಂಡ ಚಿತ್ರದ ಹಕ್ಕು 2020ರ ಕೊನೆಗೆ ಮುಗಿಯಿತು. ಅದರೊಳಗಿನ ಹಾಡಿನ ಸಾಹಿತ್ಯ, ಸಂಗೀತಕ್ಕೆ ಮಾತ್ರ ಬರೆದವರ ನಿಧನಾನಂತರ 60 ವರ್ಷದ ಬೇರೆ ಲೆಕ್ಕ. ಹಾಗಾಗಿ ಹಳೆಯ ಚಿತ್ರದ ದೃಶ್ಯವನ್ನು ಧ್ವನಿ ತೆಗೆದು ಬಳಸುವುದು ಕ್ಷೇಮ.

ಇನ್ನು ಎಲ್ಲಿ ಸಿಗುತ್ತದೆ ಎಂಬ ಮಾತು.

ಉಚಿತ ತಾಣಗಳಲ್ಲಿ ಪೆಕ್ಸೆಲ್ಸ್, ಪಿಕ್ಸಾಬೇ, ಮಿಕ್ಸ್‌ಕಿಟ್ ಹೆಚ್ಚು ಬಳಕೆಯಲ್ಲಿವೆ. ಮೊದಲೆರಡನ್ನೂ 2019ರಲ್ಲಿ ಕ್ಯಾನ್ವಾ ಕಂಪನಿ ಕೊಂಡಿದೆ. ಈ ತಾಣಗಳಲ್ಲಿ ಹಣ ಕೊಡಬೇಕಿಲ್ಲ, ಹೆಸರು ಹಾಕುವ ಕಡ್ಡಾಯವಿಲ್ಲ, ವಾಣಿಜ್ಯ ಬಳಕೆಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ ಷರತ್ತುಗಳಿವೆ. ಕ್ಲಿಪ್ಪನ್ನು ಇದ್ದ ಹಾಗೇ ಮಾರುವಂತಿಲ್ಲ. ಅದರಲ್ಲಿರುವ ವ್ಯಕ್ತಿಯನ್ನು ಕೆಟ್ಟದಾಗಿ ತೋರಿಸುವಂತಿಲ್ಲ. ಮಧುಮೇಹದ ವಿಡಿಯೊದಲ್ಲಿ ಅಪರಿಚಿತ ಯುವತಿಯ ನಗುಮುಖ ಹಾಕಿ ಈಕೆ ರೋಗಿ ಎಂಬ ಅರ್ಥ ಬರುವಂತೆ ಮಾಡಿದರೆ ತೊಂದರೆಗೆ ದಾರಿ. ಉಚಿತ ತಾಣದಲ್ಲಿ ಆಕೆಯ ಒಪ್ಪಿಗೆ ಪತ್ರ ನಿಮ್ಮ ಕೈಗೆ ಸಿಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೋಡ, ನೀರು, ಎಲೆ, ರಸ್ತೆಯ ದೀಪ, ಹೀಗೆ ಮುಖವಿಲ್ಲದ ದೃಶ್ಯಗಳಿಗೆ ಉಚಿತ ತಾಣ ಧಾರಾಳವಾಯಿತು. ಮುಖ ಬಂತೆಂದರೆ ದುಡ್ಡು ಕೊಟ್ಟೇ ಕೊಳ್ಳಿ.

ತಿಂಗಳಿಗೆ ನಾಲ್ಕಾರು ವಿಡಿಯೊ ಮಾಡುವವರಿಗೆ ಚಂದಾ ಪದ್ಧತಿ ಹೊಂದುತ್ತದೆ. ಸ್ಟೋರಿಬ್ಲಾಕ್ಸ್, ಎನ್ವಾಟೊ, ಆರ್ಟ್‌ಗ್ರಿಡ್ ಈ ಸಾಲಿನವು. ಯೋಜನೆಗೆ ತಕ್ಕಂತೆ ತಿಂಗಳಿಗೆ ಸುಮಾರು 15ರಿಂದ 40 ಡಾಲರ್ ಬೀಳುತ್ತದೆ. ಬೇಕಾದಷ್ಟು ಇಳಿಸಿಕೊಳ್ಳಬಹುದು ಎಂದು ಓದಿ ಒಂದೇ ತಿಂಗಳಲ್ಲಿ ಸಾವಿರ ಕ್ಲಿಪ್ ತುಂಬಿಕೊಂಡು ಚಂದಾ ನಿಲ್ಲಿಸುವ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಎನ್ವಾಟೊದಲ್ಲಿ ಚಂದಾ ಇರುವಾಗ ಮುಗಿಸಿದ ಕೆಲಸಕ್ಕೆ ಅನುಮತಿ ಉಳಿಯುತ್ತದೆ, ಚಂದಾ ನಿಂತ ಮೇಲೆ ಹಳೆಯ ಕ್ಲಿಪ್ಪನ್ನು ಹೊಸ ಕೆಲಸಕ್ಕೆ ಬಳಸುವಂತಿಲ್ಲ. ಗ್ರಾಹಕರಿಗಾಗಿ ವಿಡಿಯೊ ಮಾಡುವವರು ವೈಯಕ್ತಿಕ ಯೋಜನೆಯೇ ಸಾಕೇ, ಬಿಸಿನೆಸ್ ಯೋಜನೆ ಬೇಕೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ವರ್ಷಕ್ಕೆ ಒಂದೆರಡು ಕ್ಲಿಪ್ ಸಾಕು ಎನ್ನುವವರು ಬಿಡಿಯಾಗಿ ಕೊಳ್ಳಬಹುದು. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಗೆಟ್ಟಿ ಕಂಪನಿಯ ಐಸ್ಟಾಕ್, ಪಾಂಡ್5 ಇವೆಲ್ಲ ಬಿಡಿ ಮಾರಾಟದ ಅಂಗಡಿಗಳು. ಎಚ್‌ಡಿ ಕ್ಲಿಪ್ ಒಂದಕ್ಕೆ 50ರಿಂದ 100 ಡಾಲರ್ ಆಸುಪಾಸು, 4ಕೆ ಕ್ಲಿಪ್‌ಗೆ ಅದರ ಎರಡರಷ್ಟು ಎಂದು ಅಂದಾಜಿಟ್ಟುಕೊಳ್ಳಿ. 2022ರಲ್ಲಿ ಶಟರ್‌ಸ್ಟಾಕ್ ಕೊಂಡುಕೊಂಡ ಪಾಂಡ್5ನಲ್ಲಿ ಬೆಲೆ ಕಟ್ಟುವವರು ಚಿತ್ರೀಕರಿಸಿದವರೇ. ಹೀಗಾಗಿ ಒಂದೇ ಬಗೆಯ ಸೂರ್ಯಾಸ್ತ ಒಬ್ಬರ ಬಳಿ ಅಗ್ಗ, ಇನ್ನೊಬ್ಬರ ಬಳಿ ದುಬಾರಿ. ಸ್ವಲ್ಪ ಹುಡುಕಿ. ಭಾರತೀಯ ಮುಖಗಳೇ ಬೇಕೆಂದರೆ ನಮ್ಮಲ್ಲೇ ಇಮೇಜಸ್‌ಬಜಾರ್ ಇದೆ.

ಡಾಲರ್ ಲೆಕ್ಕದ ಜೊತೆಗೆ ಇನ್ನೆರಡು ಖರ್ಚು ಸೇರಿಸಿ: ಶೇ 18ರ ಜಿಎಸ್‌ಟಿ ಮತ್ತು ವಿದೇಶಿ ವಹಿವಾಟಿಗೆಂದು ಬ್ಯಾಂಕು ಕಾರ್ಡಿನ ಮೇಲೆ ಹಾಕುವ ಶುಲ್ಕ. ಮೊದಲ ತಿಂಗಳು ಉಚಿತ ಎಂದು ಕಾರ್ಡ್ ಕೊಟ್ಟರೆ ಚಂದಾ ತಾನಾಗಿ ಮುಂದುವರಿಯುತ್ತದೆ. ತಿಂಗಳ ಕಂತು ಎಂದು ಕಂಡದ್ದು ಕೆಲವೊಮ್ಮೆ ವರ್ಷದ ಒಪ್ಪಂದವಾಗಿರುತ್ತದೆ. ಆಗ ನಡುವೆ ಬಿಟ್ಟರೂ ಉಳಿದ ಹಣದ ಒಂದು ಪಾಲು ಕಟ್ಟಬೇಕಾದೀತು.

ಚರಿತ್ರೆಯ ದೃಶ್ಯ ಬೇಕಾದವರು ಬೇರೆ ಬಾಗಿಲು ತಟ್ಟಬೇಕು. ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಬರುತ್ತಿದ್ದ ಸುದ್ದಿಚಿತ್ರ ಹಿರಿಯರಿಗೆ ನೆನಪಿರಬಹುದು. ಅವನ್ನು ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ ಶುರುವಾದದ್ದು 1948ರಲ್ಲಿ. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಸ್ವಾತಂತ್ರ್ಯಾನಂತರದ ಅಣೆಕಟ್ಟು, ಚುನಾವಣೆ, ನಾಯಕರ ದೃಶ್ಯಗಳಿಗೆ ಮೊದಲು ವಿಚಾರಿಸಬೇಕಾದ ಜಾಗ ಈಗ ಆ ನಿಗಮ. ದೂರದರ್ಶನದ ಹಳೆಯ ದಾಖಲೆಗಳು ಪ್ರಸಾರ ಭಾರತಿಯ ಬಳಿ ಇವೆ. ಬ್ರಿಟಿಷರ ಕಾಲದ್ದು ಬೇಕಿದ್ದರೆ ಬ್ರಿಟಿಷ್ ಪಾಥೆ ನೋಡಿ. ಅವರು 2014ರಲ್ಲಿ ಸುಮಾರು 85,000 ಚಿತ್ರಗಳನ್ನು ಯೂಟ್ಯೂಬಿಗೆ ಏರಿಸಿದ್ದಾರೆ. ನೋಡಲು ಉಚಿತ, ಬಳಸಲು ಅಲ್ಲ. ಇಂಥ ಸಂಗ್ರಹಗಳಲ್ಲಿ ಬೆಲೆ ಸೆಕೆಂಡಿನ ಲೆಕ್ಕದಲ್ಲಿರುವುದು ರೂಢಿ, ಕನಿಷ್ಠ ಇಷ್ಟು ಸೆಕೆಂಡ್ ಕೊಳ್ಳಬೇಕೆಂಬ ಷರತ್ತೂ ಇರುತ್ತದೆ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಸ್ಕ್ರಿಪ್ಟ್ ಬರೆಯುವಾಗಲೇ ಪತ್ರ ಹಾಕಿಬಿಡಿ.

ಆಯ್ಕೆಯಲ್ಲಿ ಕಣ್ಣು ಚುರುಕಾಗಿರಬೇಕು. "ಭಾರತದ ಹಳ್ಳಿ" ಎಂದು ಹುಡುಕಿದರೆ ರಾಜಸ್ಥಾನದ ಪೇಟ, ಒಂಟೆ, ಮರಳು ಸಾಲಾಗಿ ಬರುತ್ತವೆ. ರಾಗಿಗೆ ಮಿಲ್ಲೆಟ್ ಎಂದು ಕೊಟ್ಟರೆ ಸಜ್ಜೆ, ನವಣೆ, ಕೆಲವೊಮ್ಮೆ ಗೋಧಿಯ ಹೊಲವೂ ಬರುತ್ತದೆ. ಫಿಂಗರ್ ಮಿಲ್ಲೆಟ್ ಎಂದೇ ಕೊಡಿ, ಆಮೇಲೂ ತೆನೆಯನ್ನು ದೊಡ್ಡದು ಮಾಡಿ ನೋಡಿ. ಬೆರಳು ಮಡಚಿದಂತಿದ್ದರೆ ರಾಗಿ, ಮೀಸೆ ಇದ್ದರೆ ಗೋಧಿ. ಮಂಡ್ಯದ ರೈತನಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ನಿಮ್ಮ ಮಿಕ್ಕ ಮಾತನ್ನು ಆತ ನಂಬುವುದು ಕಷ್ಟ. ಕಾರಿನ ಸ್ಟಿಯರಿಂಗ್ ಎಡಗಡೆ ಇದೆಯೇ, ಗೋಡೆಯ ಪ್ಲಗ್ ನಮ್ಮದೇ, ಹಿಂದಿನ ಬೋರ್ಡು ಯಾವ ಲಿಪಿಯಲ್ಲಿದೆ, ಇವನ್ನೂ ಗಮನಿಸಿ. ಊರ ಹೆಸರನ್ನು ಬೆಂಗಳೂರು, ಬ್ಯಾಂಗಲೋರ್, ಮೈಸೂರು, ಮೈಸೋರ್ ಎಂದು ಎರಡೂ ಬಗೆಯಲ್ಲಿ ಹುಡುಕಬೇಕು, ಹಳೆಯ ಕ್ಲಿಪ್‌ಗಳು ಹಳೆಯ ಹೆಸರಿನಲ್ಲೇ ಉಳಿದಿವೆ. ಊರಿನ ದೇವಸ್ಥಾನ, ಕೆರೆ, ಬಸ್ ನಿಲ್ದಾಣ ಬೇಕಿದ್ದರೆ ಸ್ಟಾಕ್ ಹುಡುಕುತ್ತಾ ಕೂರುವುದು ವ್ಯರ್ಥ. ಫೋನ್ ಹಿಡಿದು ನೀವೇ ಹೋಗಿ ಬನ್ನಿ.

ತಾಂತ್ರಿಕವಾಗಿ ಹೆಚ್ಚು ಕಾಡುವುದು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ. ನಮ್ಮ ಟಿವಿಯದು 25, ಸಿನಿಮಾದ್ದು 24, ಅಮೆರಿಕದಿಂದ ಬರುವ ಬಹಳಷ್ಟು ಕ್ಲಿಪ್‌ಗಳದ್ದು 30. ಧ್ವನಿಯಿಲ್ಲದ 24ರ ಕ್ಲಿಪ್ಪನ್ನು 25ಕ್ಕೆ ಓಡಿಸಿದರೆ ಶೇ 4ರಷ್ಟು ವೇಗ ಹೆಚ್ಚುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. 30ರದ್ದನ್ನು 25ರ ಟೈಮ್‌ಲೈನಿಗೆ ಹಾಗೇ ಹಾಕಿದರೆ ಚಲನೆ ಮುಗ್ಗರಿಸುತ್ತದೆ, ನಡೆಯುವ ಕಾಲು, ತಿರುಗುವ ಚಕ್ರದಲ್ಲಿ ಅದು ಎದ್ದು ಕಾಣುತ್ತದೆ. 60ರ ಕ್ಲಿಪ್ ಸಿಕ್ಕರೆ ಸುಲಭ: 25ಕ್ಕೆ ಇಳಿಸಿ ನಿಧಾನಗತಿಯ ದೃಶ್ಯ ಮಾಡಿಕೊಳ್ಳಬಹುದು. 4ಕೆ ದುಬಾರಿಯೆನಿಸಿದರೂ ಒಂದು ಲಾಭವಿದೆ. ಅದರ ಅಡ್ಡ ಚೌಕಟ್ಟಿನಿಂದ ಉದ್ದುದ್ದ ಕತ್ತರಿಸಿದರೆ 1215×2160 ಸಿಗುತ್ತದೆ, ರೀಲ್ಸಿಗೆ ಬೇಕಾದ 1080×1920ಕ್ಕಿಂತ ಹೆಚ್ಚೇ. ಎಚ್‌ಡಿಯಲ್ಲಿ ಹೀಗೆ ಕತ್ತರಿಸಿದರೆ ಚಿತ್ರ ಮಸುಕಾಗುತ್ತದೆ. ಕೊಳ್ಳುವ ಮೊದಲು ಪ್ರಿವ್ಯೂ, ಅಂದರೆ ವಾಟರ್‌ಮಾರ್ಕ್ ಇರುವ ಮಾದರಿ, ಇಳಿಸಿಕೊಂಡು ಎಡಿಟಿಂಗಿನಲ್ಲಿ ಇಟ್ಟು ನೋಡಿ. ಗ್ರಾಹಕರು ಒಪ್ಪಿದ ಮೇಲೆ ದುಡ್ಡು ಕೊಟ್ಟರೂ ತಡವೇನಿಲ್ಲ.

ಎಲ್ಲ ಸರಿಯಿದ್ದೂ ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಕ್ಲೇಮ್ ಬರಬಹುದು. ಅದು ಯಂತ್ರ ಹಾಕುವ ತಕರಾರು, ಸ್ಟ್ರೈಕ್ ಅಲ್ಲ. ಲೈಸೆನ್ಸ್ ಪತ್ರ ತೋರಿಸಿ ಆಕ್ಷೇಪ ಸಲ್ಲಿಸಬಹುದು. ಅದಕ್ಕಾಗಿ ಪ್ರತಿ ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಲೈಸೆನ್ಸ್ ಪತ್ರ, ರಸೀದಿ, ಕ್ಲಿಪ್ಪಿನ ಸಂಖ್ಯೆ ಇರಲಿ. ಉಚಿತ ತಾಣವಾದರೆ ಆ ದಿನದ ಷರತ್ತುಗಳ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ಷರತ್ತು ಬದಲಾಗುತ್ತಲೇ ಇರುತ್ತದೆ. ಇಡೀ ಚಾನೆಲನ್ನು ಸ್ಟಾಕ್ ದೃಶ್ಯ, ಯಂತ್ರದ ಧ್ವನಿಯಿಂದಲೇ ತುಂಬಿದರೆ ಮಾತ್ರ ಯಾವ ಲೈಸೆನ್ಸೂ ನೆರವಿಗೆ ಬಾರದು. ಸ್ವಂತಿಕೆ ಇಲ್ಲವೆಂದು ಯೂಟ್ಯೂಬ್ ಜಾಹೀರಾತಿನ ಆದಾಯ ನಿರಾಕರಿಸಬಹುದು.

ಕ್ಯಾಮೆರಾ ಇರುವವರು ಈ ಅಂಗಡಿಯ ಇನ್ನೊಂದು ಬದಿಯಲ್ಲೂ ನಿಲ್ಲಬಹುದು. ರಾಗಿ ಕೊಯ್ಲು, ಅಡಿಕೆ ಸುಲಿತ, ಇಳಕಲ್ ಮಗ್ಗ, ಇಂಥ ದೃಶ್ಯಗಳನ್ನು ಅಡೋಬಿ ಸ್ಟಾಕ್, ಪಾಂಡ್5ನಂಥ ಕಡೆ ಮಾರಾಟಕ್ಕಿಡಲು ಯಾರಿಗೂ ಅಡ್ಡಿಯಿಲ್ಲ. ಅಡೋಬಿ ವಿಡಿಯೊ ಮಾರಾಟದ ಶೇ 35ನ್ನು ಚಿತ್ರಿಸಿದವರಿಗೆ ಕೊಡುತ್ತದೆ. ಮುಖ ಗುರುತು ಸಿಗುವಂತಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿಯನ್ನು ಶೂಟಿಂಗ್ ದಿನವೇ ಪಡೆಯಿರಿ. ಆರು ತಿಂಗಳ ನಂತರ ಸಂತೆಯಲ್ಲಿ ಕಂಡ ಅಜ್ಜಿಯನ್ನು ಹುಡುಕಿಕೊಂಡು ಹೋಗುವುದು ಆಗದ ಕೆಲಸ.